ಅಟ್ಟದ ಮೇಲೆ ಅಯಾನು ಆರಿಸಿದ್ದು

ಅರಳಗುಪ್ಪೆಯ ನಮ್ಮ ಮನೆಯ ಅಟ್ಟದಲ್ಲಿ ಅವ್ವ ಕೊಬ್ಬರಿಗೆ ಇಟ್ಟ ಕಾಯಿ ಆರಿಸುತ್ತಿದ್ದಳು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಒಳಗೆ ಕೊಬ್ಬರಿ ಗಟಗಟ ಎಂದರೆ ಒಂದು ಕಡೆ, ನೀರು ಕುಲುಕಿದರೆ ಇನ್ನೊಂದು ಕಡೆ. ನನಗೂ ಒಂದು ರಾಶಿ ಒಪ್ಪಿಸಿದಳು. ಪಿಎಚ್‌.ಡಿ. ಮಾಡುವವಳಿಗೆ ಅಷ್ಟೂ ಬರುವುದಿಲ್ಲವೇ ಎಂಬ ಧೋರಣೆ.

ನಾನು ಊರಿಗೆ ಬಂದಿದ್ದೇ ತಲೆಮರೆಸಿಕೊಳ್ಳಲು. ನನ್ನ ಲೇಸರ್ ಪ್ರಯೋಗ ಕೈಕೊಟ್ಟಿತ್ತು. ತಿಂಗಳೊಳಗೆ ಸರಿಯಾದ ಫಲಿತಾಂಶ ತೋರಿಸದಿದ್ದರೆ ಆ ಅಧ್ಯಾಯವನ್ನೇ ಪ್ರಬಂಧದಿಂದ ಕಿತ್ತುಹಾಕು ಎಂದಿದ್ದರು ಗೈಡ್. ಎರಡು ವರ್ಷದ ದುಡಿಮೆ!

"ಅದೇನೇ ನಿಂದು ಲೇಸರ್ರು? ನಂಗೂ ಹೇಳು" ಎಂದಳು ಅವ್ವ.

ಹೇಳಿದೆ. ಅನಿಲದೊಳಗೆ ಅಯಾನುಗಳೆಂಬ ವಿದ್ಯುತ್ ಕಣಗಳು ಒಂದೊಂದೂ ಒಂದೊಂದು ವೇಗದಲ್ಲಿ ಓಡುತ್ತಿರುತ್ತವೆ. ವೇಗಕ್ಕೆ ತಕ್ಕಂತೆ ಲೇಸರಿನ ಬಣ್ಣ ಅವಕ್ಕೆ ಕೊಂಚ ಬೇರೆಯಾಗಿ ಕಾಣುತ್ತದೆ. ಎಲ್ಲವನ್ನೂ ಒಟ್ಟಿಗೆ ಅಳೆದರೆ, ಅವು ಯಾವ ಬಣ್ಣ ಹೀರುತ್ತವೆಂದು ತೋರಿಸುವ, ತೆಳ್ಳಗಿರಬೇಕಾದ ಗೆರೆ ಊದಿಕೊಳ್ಳುತ್ತದೆ. ಅದಕ್ಕೇ ಮೊದಲ ಲೇಸರಿನಿಂದ ಒಂದೇ ವೇಗದವನ್ನು ಆರಿಸಿ ಗುರುತು ಹಾಕಿ, ಎರಡನೆಯದರಿಂದ ಅವನ್ನು ಮಾತ್ರ ಅಳೆಯುವುದು. ಆದರೆ ಆರಿಸಿದ ಮೇಲೂ ನನ್ನ ಗೆರೆ ದಪ್ಪ.

"ಆರ್ಸಿ ಎಲ್ಲಿಗೆ ಹಾಕ್ತೀಯ?"

"ಎಲ್ಲಿಗೂ ಇಲ್ಲ ಕಣವ್ವ, ಅಲ್ಲೇ ಗುಂಪಲ್ಲೇ ಇರ್ತವೆ. ಮೊದಲ್ನೇ ಬೆಳಕು ಪೂರ್ತಿ ಅಡಗಲಿ ಅಂತ ಸ್ವಲ್ಪ ಕಾದು ಅಳೀತೀನಿ."

ಅವ್ವ ನಕ್ಕಳು. "ನನ್ ಕಾಯಿ ಹಾಕಿದ್ ಕಡೆ ಬಿದ್ದಿರ್ತವೆ. ನಿನ್ನವು ಓಡೋವು. ಗುಂಪಲ್ಲಿ ಒಂದಕ್ಕೊಂದು ಗುದ್ಕಂಡ್ರೆ ಮೊದ್ಲಿನ್ ಓಟ ಹಂಗೇ ಇರ್ತೈತಾ? ಆರ್ಸಿ ಕಾಯ್ಕಂಡ್ ಕುಂತ್ರೆ ಕೆಡ್ದೇ ಇನ್ನೇನಾಯ್ತದೆ ಬುಡು!"

ಡಿಕ್ಕಿಗಳು ಲೆಕ್ಕಕ್ಕಿಲ್ಲವೆಂದು ನಾನು ಎಂದೋ ತೀರ್ಮಾನಿಸಿದ್ದೆ. ಆಮೇಲೆ ಸಿಗ್ನಲ್ ಹೆಚ್ಚಲೆಂದು ಅನಿಲದ ಒತ್ತಡ ಏರಿಸಿ ಗುಂಪನ್ನು ದಟ್ಟವಾಗಿಸಿದಾಗಲೂ ಅದನ್ನು ಮತ್ತೆ ನೋಡಿರಲಿಲ್ಲ. ಅಷ್ಟರಲ್ಲಿ ಅವ್ವನ ಕಣ್ಣು ನನ್ನ ರಾಶಿಯ ಮೇಲೆ ಬಿತ್ತು. "ನೀರ್ ಕಾಯೆಲ್ಲ ಕೊಬ್ರಿ ಕಡೀಕೇ ಹಾಕಿದ್ದೀಯಲ್ಲೇ, ಏಳು ಮೇಲೆ!"

ಲ್ಯಾಬಿಗೆ ಮರಳಿ ಒತ್ತಡ ಇಳಿಸಿದೆ, ಕಾಯುವ ಹೊತ್ತು ಕಡಿಮೆ ಮಾಡಿದೆ. ಗೆರೆ ತೆಳ್ಳಗಾಯಿತು, ಅಧ್ಯಾಯ ಉಳಿಯಿತು. ಹೇಗೆ ಹೊಳೆಯಿತೆಂದು ಗೈಡ್ ಎಲ್ಲರೆದುರು ಕೇಳಿದರು. "ಲೆಕ್ಕ ಮತ್ತೊಮ್ಮೆ ನೋಡಿದೆ ಸಾರ್" ಎಂದು ಬೀಗಿದೆ. ಅವ್ವ ಫೋನಿನಲ್ಲಿ ಯಾರು ಸರಿಮಾಡಿಕೊಟ್ಟರೆಂದು ಕೇಳಿದಾಗ, "ನಮ್ ಗೈಡು ಕಣವ್ವ" ಎಂದೆ. ಅವಳೆದುರು ಸೋಲೊಪ್ಪಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

"ಪುಣ್ಯಾತ್ಮರು ಕಣೇ" ಎಂದವಳೇ ಅವರಿಗೆಂದು ಒಂದು ಡಬ್ಬಿ ರವೆಉಂಡೆ ಕಟ್ಟಿ ಕಳಿಸಿದಳು.

ಡಬ್ಬಿಯನ್ನು ಗೈಡ್ ಮುಂದಿಟ್ಟೆ. "ಇದ್ಯಾಕಮ್ಮಾ?" ಎಂದರು.

ನಿಜ ಹೇಳಲೇಬೇಕಾಯಿತು.