ಕುಂಕುಮ ಹಚ್ಚಿದ ಪೆನ್ ಡ್ರೈವ್

ಅಣ್ಣ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದ ದಿನವೇ ನಾನು ತೀರ್ಮಾನಿಸಿಬಿಟ್ಟೆ, ಇವನನ್ನು ಕೇಳಿ ಬೇಡುವುದಿಲ್ಲ ಎಂದು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ.

ಶ್ರೀನಿವಾಸಪುರದ ನಮ್ಮ ಮನೆಯಲ್ಲಿ ಆ ಕಂಪ್ಯೂಟರ್ ಅವನ ಕೋಣೆಯಲ್ಲಿತ್ತು. ಅವನು ಕೆಲಸಕ್ಕೆ ಹೋದ ಮೇಲೆ ನಾನು ಅಂಚೆ ಮೂಲಕ ಓದುತ್ತಿದ್ದ ಡಿಪ್ಲೊಮಾದ ಪ್ರಾಜೆಕ್ಟ್ ಮಾಡುತ್ತಿದ್ದೆ. ನಮ್ಮ ಕಡೆಯ ಮಾವಿನ ತಳಿಗಳ ಬಗ್ಗೆ ವೆಬ್ ಪುಟಗಳು: ಬಾದಾಮಿ, ತೋತಾಪುರಿ, ನೀಲಂ, ಮಲ್ಲಿಕಾ. ದಸರಾ ಮುಗಿದ ಮರುದಿನ ಒಪ್ಪಿಸದಿದ್ದರೆ ಎರಡು ವರ್ಷದ ಓದು ಮಣ್ಣುಪಾಲು.

"ನೀನು ಮುಟ್ಟಿದ್ರೆ ವೈರಸ್ ಬರತ್ತೆ ಕಣೇ. ನಾಳೆ ಮದ್ವೆ ಆಗಿ ಹೋಗೋಳಿಗೆ ಇದೆಲ್ಲ ಯಾಕೆ?" ಎಂದ.

ಮಾರನೆಯ ವಾರ ಕೋಲಾರದ ಬಸ್ ಹತ್ತಿದೆ. ಅಲ್ಲಿನ ಸೈಬರ್ ಸೆಂಟರಿನಲ್ಲಿ ಓದಿ ತಿಳಿದುಕೊಂಡೆ: ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಅಂತ ಒಂದಿದೆ, ಅದರ ಪುಟ್ಟ ರೂಪವನ್ನು ಪೆನ್ ಡ್ರೈವಿನಲ್ಲೇ ಇಟ್ಟುಕೊಂಡರೆ ಯಾವ ಕಂಪ್ಯೂಟರನ್ನಾದರೂ ಅದರಿಂದಲೇ ಚಾಲು ಮಾಡಬಹುದು. ಐವತ್ತು ಎಂಬಿ ಇಳಿಯುವಷ್ಟರಲ್ಲಿ ಎರಡು ಸಲ ಕರೆಂಟ್ ಹೋಯಿತು. ಕೊನೆಗೂ ಇಳಿದ ಫೈಲನ್ನು ಇದ್ದ ಹಾಗೆಯೇ ಪೆನ್ ಡ್ರೈವಿಗೆ ಹಾಕಿಕೊಂಡು ಬಂದೆ. ಮನೆಯಲ್ಲಿ ಚುಚ್ಚಿದರೆ ಏನೂ ಆಗಲಿಲ್ಲ. ಆ ಫೈಲನ್ನು ಬಿಡಿಸಿ, ಪೆನ್ ಡ್ರೈವಿನಿಂದ ಕಂಪ್ಯೂಟರ್ ಏಳುವ ಹಾಗೆ ಬೇರೆ ಒಂದು ಪ್ರೋಗ್ರಾಂನಿಂದ ಬರೆಯಬೇಕಂತೆ. ಮತ್ತೆ ಕೋಲಾರ. ಸೈಬರಿನ ಯಜಮಾನರು ನಕ್ಕರು: "ಏನಮ್ಮಾ, ಇನ್ನೂ ಬಿಟ್ಟಿಲ್ವಾ?"

"ಬಿಡೋದಿಲ್ಲ ಸಾರ್" ಎಂದೆ.

ಈ ಸಲ ಮನೆಗೆ ಬಂದು ಕಂಪ್ಯೂಟರ್ ಆನ್ ಮಾಡುತ್ತಲೇ ಡಿಲೀಟ್ ಕೀಲಿ ಒತ್ತಿ, ಮೊದಲು ಪೆನ್ ಡ್ರೈವ್ ನೋಡು ಎಂದು ಅದಕ್ಕೆ ಹೇಳಿಕೊಟ್ಟೆ. ಅಣ್ಣನ ಪಾಸ್‌ವರ್ಡ್ ಅಂದರೆ ನಡುಮನೆಗೆ ಹಾಕಿದ ಬೀಗದ ಹಾಗೆ; ಬೀದಿ ಬಾಗಿಲು ತೆರೆದೇ ಇತ್ತು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡಿದವು, ಆಮೇಲೆ ನನ್ನದೇ ಪರದೆ ಬಂತು. ಅವನ ಡಿಸ್ಕಿನಲ್ಲಿ ಸಿಕ್ಕಿಕೊಂಡಿದ್ದ ನನ್ನ ಪುಟಗಳೂ ಸಿಕ್ಕವು; ಅವನ್ನೆಲ್ಲ ಪೆನ್ ಡ್ರೈವಿಗೇ ಇಳಿಸಿಕೊಂಡೆ. ಖುಷಿಗೆ ಒಬ್ಬಳೇ ಜೋರಾಗಿ ನಕ್ಕೆ. ಕೆಲಸ ಮುಗಿದ ಮೇಲೆ ಪೆನ್ ಡ್ರೈವ್ ಕಿತ್ತುಕೊಂಡರೆ ಅವನ ಪಾಸ್‌ವರ್ಡ್ ಏನೂ ಅರಿಯದ ಹಾಗೆ ಕೂತಿರುತ್ತಿತ್ತು.

ಆದರೆ ಕದ್ದು ಕೆಲಸ ಮಾಡುವುದು ದಿನೇ ದಿನೇ ನನಗೆ ಅಸಹ್ಯವಾಯಿತು. ನಾನೇನು ಕಳ್ಳಿಯೇ?

ಆಯುಧ ಪೂಜೆಯ ಬೆಳಿಗ್ಗೆ ಅಮ್ಮ ಚಾಪೆಯ ಮೇಲೆ ಮನೆಯವರ ಸಾಮಾನು ಜೋಡಿಸುತ್ತಿದ್ದಳು. ಅಪ್ಪನ ಕುಡುಗೋಲು, ಅವಳ ಈಳಿಗೆ ಮಣೆ, ಅಣ್ಣನ ಸ್ಪ್ಯಾನರು. ಕಂಪ್ಯೂಟರಿಗೂ ಚೆಂಡು ಹೂವಿನ ಹಾರ ಬಿದ್ದಿತ್ತು. ಅಮ್ಮ ಪ್ರತಿ ವರ್ಷದಂತೆ ಕೇಳಿದಳು, "ನಿಂದೇನಿದೆಯೇ ಇಡೋಕೆ?"

ಪ್ರತಿ ವರ್ಷ ಒಂದು ಪೆನ್ನು ಇಡುತ್ತಿದ್ದೆ. ಆ ವರ್ಷ ಎಲ್ಲರೂ ನೋಡುವ ಹಾಗೆ ಪೆನ್ ಡ್ರೈವ್ ಇಟ್ಟೆ.

"ಇದೇನೇ?" ಅಣ್ಣ ಬಗ್ಗಿ ನೋಡಿದ.

"ನನ್ನ ಕಂಪ್ಯೂಟರು. ಒಂದು ತಿಂಗಳಿಂದ ನಿನ್ನ ಪಾಸ್‌ವರ್ಡ್ ಇಲ್ದೇನೇ ಕೆಲಸ ಮಾಡ್ತಿದೀನಿ."

ಅವನ ಮುಖ ಕೆಂಪಾಯಿತು. "ನನ್ನ ಮಿಷನ್ ಇಲ್ದೆ ಇದೇನ್ ಕಿತ್ತು ಹಾಕತ್ತೆ?"

"ನಿಂದೇ ಆಗ್ಬೇಕು ಅಂತೇನಿಲ್ಲ. ಯಾವುದಾದ್ರೂ ಸಾಕು."

ಅವನು ಪೆನ್ ಡ್ರೈವಿಗೆ ಕೈ ಹಾಕಿದ. ಸಿಟ್ಟು ಬಂದರೆ ತೆಲುಗಿಗೆ ಇಳಿಯುವ ಅಮ್ಮ, "ಊರ್ಕೋರಾ!" ಎಂದು ಅವನ ಬಾಯಿ ಮುಚ್ಚಿಸಿದಳು. "ಅವಳ ಆಯುಧ ಅವಳಿಟ್ಟವ್ಳೆ. ಪೂಜೆಗಿಟ್ಟಿದ್ದು ಮುಟ್ಬೇಡ." ಆಮೇಲೆ ಅದರ ತಗಡಿನ ಬಾಯಿಗೇ ಧಾರಾಳವಾಗಿ ಕುಂಕುಮ ಮೆತ್ತಿದಳು.

ಮರುದಿನ ವಿಜಯದಶಮಿ. ಪೂಜೆಗಿಟ್ಟ ಆಯುಧ ತೆಗೆದು ಒಂದಿಷ್ಟಾದರೂ ಕೆಲಸ ಮಾಡಬೇಕು, ಅದು ನಮ್ಮ ಮನೆಯ ಪದ್ಧತಿ. ಅಪ್ಪ ಕುಡುಗೋಲು ಹಿಡಿದು ತೋಟಕ್ಕೆ ಹೋದರು. ಅಣ್ಣ ತನ್ನ ಕೋಣೆಗೆ ನಿಜವಾದ ಬೀಗವನ್ನೇ ಜಡಿದು ಹೊರಟ. ನನ್ನ ಪ್ರಾಜೆಕ್ಟಿನಲ್ಲಿ ಇನ್ನೂ ಎರಡು ಪುಟ ಬಾಕಿಯಿತ್ತು, ಒಪ್ಪಿಸಲು ಒಂದೇ ದಿನ.

ಕೋಲಾರದ ಸೈಬರಿನವರೂ ತಮ್ಮ ಯಂತ್ರಗಳಿಗೆ ಒಂದಿಷ್ಟು ಕೆಲಸ ಕೊಡಲೆಂದು ಅರ್ಧ ಬಾಗಿಲು ತೆಗೆದಿದ್ದರು. "ಮೊದಲನೇ ಗಿರಾಕಿ ನೀನೇನಮ್ಮಾ?" ಎಂದು ಕುರ್ಚಿ ತೋರಿಸಿದರು. ಪೆನ್ ಡ್ರೈವ್ ಚುಚ್ಚಿ ಆನ್ ಮಾಡಿದೆ. ಬಿಳಿ ಸಾಲುಗಳು ಓಡಿ, ನನ್ನ ಪರದೆ ಬಂತು. ನನ್ನ ಮಾವುಗಳೆಲ್ಲ ಇದ್ದವು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಪುಟ ಮುಗಿಸಿ ಪೆನ್ ಡ್ರೈವ್ ಎಳೆದಾಗ ಆ ಕಂಪ್ಯೂಟರಿನ ಬಾಯಿಗೂ ಅಮ್ಮನ ಕುಂಕುಮ ಹತ್ತಿತ್ತು. ನಾನು ಒರೆಸಲಿಲ್ಲ.