ಬೇಗ ನಡೆದರೆ ನಷ್ಟ

ಬೆಳಿಗ್ಗೆ ಮಂಡಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದೆ. ನೋವು ಕಡಿಮೆಯಾಗಿದೆ, ಹಚ್ಚುವ ಅಭ್ಯಾಸ ಉಳಿದಿದೆ. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಗೋಪಾಳ ಬಡಾವಣೆಯ ಹಾಲ್‌ನ ಹಳೆಯ ಪ್ರಸಂಗವೊಂದು ನೆನಪಾಗಿ ಒಬ್ಬನೇ ನಕ್ಕೆ.

ಆ ಹಾಲ್‌ನಲ್ಲಿ ಸದಾ ಇದೇ ವಾಸನೆ. ಸೆರೆಬ್ರಲ್ ಪಾಲ್ಸಿ ಇರುವ ಹರೆಯದವರಿಗೆ ಅಲ್ಲೊಂದು ತರಗತಿ ನಡೆಯುತ್ತಿತ್ತು. ವ್ಯಾಯಾಮ, ಚೆಂಡಾಟ, ಅಡುಗೆ, ಒಬ್ಬರೇ ಬಸ್ ಹತ್ತುವ ಅಭ್ಯಾಸ. ಹುಟ್ಟಿನಿಂದಲೇ ಕೈಕಾಲು ಹೇಳಿದ ಮಾತು ಕೇಳದ ಮಕ್ಕಳವರು. ನನ್ನ ಕೈಕಾಲು ಮಾತು ಮೀರಲು ಅರವತ್ತು ವರ್ಷ ಕಾದವು, ಅಷ್ಟೇ ವ್ಯತ್ಯಾಸ.

ನಾನು ಬ್ಯಾಂಕಿನಿಂದ ನಿವೃತ್ತನಾದವನು. ಬ್ಯಾಂಕಿನವನಿಗೆ ಲೆಕ್ಕ ಬರುತ್ತದೆಂಬ ಭ್ರಮೆ ಊರಿಗೆಲ್ಲ ಇದೆ. ಮನೆಯಾಕೆಯನ್ನು ಕೇಳಿದ್ದರೆ ಸತ್ಯ ತಿಳಿಯುತ್ತಿತ್ತು. ಅಂತೂ, "ಇಷ್ಟು ಖರ್ಚಿಗೆ ಪ್ರಯೋಜನ ಏನು? ತೋರಿಸಿದರೆ ಮುಂದುವರಿಸೋಣ, ಇಲ್ಲದಿದ್ದರೆ ಸಾಕು" ಎಂದು ದಾನಿಗಳು ಹೇಳಿದಾಗ ಅಳೆಯುವ ಕೆಲಸ ನನ್ನ ತಲೆಗೆ ಬಿತ್ತು. ಹಾಲ್‌ನ ಈ ತುದಿಯಿಂದ ಆ ತುದಿಗೆ ನಡೆಯಲು ಎಷ್ಟು ಹೊತ್ತು ಬೇಕು? ವರ್ಷದ ಮೊದಲಿಗೊಮ್ಮೆ, ಕೊನೆಗೊಮ್ಮೆ ಗಡಿಯಾರ ಹಿಡಿದೆ.

ಕೊನೆಯ ಸಲ ಎಲ್ಲರೂ ಮೊದಲಿಗಿಂತ ನಿಧಾನ! ಅಷ್ಟು ಆರಾಮಾಗಿ ತ್ಯಾವರೆಕೊಪ್ಪ ಸಫಾರಿಯ ಸಿಂಹಗಳೂ ಮಧ್ಯಾಹ್ನ ಅಡ್ಡಾಡುವುದಿಲ್ಲ. ಗಡಿಯಾರವೇ ಕೆಟ್ಟಿತೇನೋ ಎಂದು ಅಲುಗಿಸಿ ನೋಡಿದೆ. ಭದ್ರಾವತಿಯಿಂದ ತಾಯಿಯ ಜೊತೆ ಬರುತ್ತಿದ್ದ ರಂಜಿತಾ ಮಾತ್ರ ಮುಸಿಮುಸಿ ನಗುತ್ತಿದ್ದಳು. ಒಂದೊಂದು ಪದಕ್ಕೂ ಅವಳ ಬಾಯಿ ಹೆಣಗಬೇಕು, ಆದರೆ ಹೊರಬಿದ್ದ ಪದ ಗುರಿ ತಪ್ಪುವುದಿಲ್ಲ.

"ಏನಮ್ಮಾ ಇದು?" ಎಂದೆ.

"ಬೇಗ ನಡೆದ್ರೆ... ಗುಣ ಆಯ್ತು, ಮನೆಗೆ ಹೋಗಿ ಅಂತೀರಿ. ಅದಕ್ಕೆ ಎಲ್ರಿಗೂ... ನಾನೇ ಹೇಳ್ಕೊಟ್ಟೆ ಸಾರ್."

"ಅಯ್ಯೋ ಮಾರಾಯ್ತಿ! ನಿಧಾನ ನಡೆದ್ರೆ ಪ್ರಯೋಜನ ಇಲ್ಲ ಅಂತ ಬಾಗಿಲು ಹಾಕ್ತಾರೆ!"

ಅವಳು ಯೋಚಿಸಿದಳು. "ಅಂದ್ರೆ ಹೇಗೆ ನಡೆದ್ರೂ... ನಾವೇ ಫೇಲಾ?"

ನೀವಾದರೂ ಏನು ಹೇಳುತ್ತಿದ್ದಿರಿ? ಇಂಥ ಪ್ರಶ್ನೆ ಬಂದರೆ ಬ್ಯಾಂಕಿನಲ್ಲಿ ನಾವು ಊಟಕ್ಕೆ ಎದ್ದುಬಿಡುತ್ತಿದ್ದೆವು.

ದಾನಿಗಳ ಕಡೆಯ ಹಿರಿಯರೊಬ್ಬರು ಬಂದ ದಿನ ರಂಜಿತಾ ತಡವಾಗಿ ಬಂದಳು, ಒಬ್ಬಳೇ.

"ಒಬ್ಬಳೇ ಬಂದೆಯಾ? ತಾಯಿ ಎಲ್ಲಿದ್ದಾರಮ್ಮಾ?" ಎಂದರು ಅವರು.

"ಶಂಕರಘಟ್ಟದಲ್ಲಿ... ಚಿಕ್ಕಮ್ಮನ ಮನೇಲಿ. ನಾನು ಹುಟ್ಟಿದ್ಮೇಲೆ ಅಮ್ಮ... ಒಂದು ರಾತ್ರೀನೂ ಅಲ್ಲಿ ಉಳಿದಿರ್ಲಿಲ್ಲ. ನಿನ್ನೆ ಉಳ್ಕೊಂಡ್ಳು. ನಾನೂ ಅಪ್ಪನೂ... ಅನ್ನ ಸಾರು ಮಾಡ್ಕೊಂಡ್ವಿ."

ಭದ್ರಾವತಿಯಿಂದ ಶಂಕರಘಟ್ಟಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಹಿರಿಯರು ಬರೆಯುತ್ತಿದ್ದ ಪುಸ್ತಕ ಮುಚ್ಚಿದರು. ಅವಳು ಬಿಡಲಿಲ್ಲ. "ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಇವತ್ತಿನ ಖರ್ಚು... ಸೊನ್ನೆ. ಬರ್ಕೊಳ್ಳಿ ಸಾರ್."

ಅವರು ನಗುತ್ತಲೇ ಕನ್ನಡಕ ಒರೆಸಿಕೊಂಡರು. ತರಗತಿ ಉಳಿಯಿತು. ನನ್ನ ಗಡಿಯಾರವನ್ನು ಯಾರೂ ಕೇಳಲೇ ಇಲ್ಲ. ತುಸು ಅವಮಾನವಾಯಿತು, ಸಂತೋಷ ಅದಕ್ಕಿಂತ ಹೆಚ್ಚಾಯಿತು.

ಈಗ ಆ ಹಾಲ್‌ನಲ್ಲಿ ಮಂಡಿನೋವಿನ ಮುದುಕರಿಗೂ ಬೆಳಗಿನ ವ್ಯಾಯಾಮವಿದೆ. ಇವತ್ತು ಹೋದಾಗ ರಂಜಿತಾ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಅಂದು ನಾನು ಅಲ್ಲೇ ಬಿಟ್ಟುಬಂದಿದ್ದ ನನ್ನದೇ ಗಡಿಯಾರ. ಹೇಳಿಕೊಡುವವರಲ್ಲಿ ಅವಳೂ ಒಬ್ಬಳು.

"ಆ ತುದಿಗೆ ನಡೀರಿ ಸಾರ್. ಗುಣ ಆಗಿದ್ರೆ... ನಾಳೆಯಿಂದ ಬರೋದು ಬೇಡ."

ಮಂಡಿ ಹಗುರವಾಗಿತ್ತು, ಸುಳ್ಳು ಹೇಳುವುದಿಲ್ಲ. ಬೇಗ ನಡೆಯಬಹುದಿತ್ತು. ಆದರೆ ನಾಳೆಯಿಂದ ಮನೆಯಲ್ಲಿ ಅದೇ ಪೇಪರನ್ನು ಎಷ್ಟು ಸಲ ಓದಲಿ? ಗೋಡೆ ಹಿಡಿದೆ. ಒಂದು ಹೆಜ್ಜೆ ಇಟ್ಟು, ನಿಂತು, "ಅಮ್ಮಾ" ಎಂದು ನರಳಿ, ಇನ್ನೊಂದು ಹೆಜ್ಜೆ ಇಟ್ಟೆ.

ಹಿಂದಿನಿಂದ ಅದೇ ಮುಸಿಮುಸಿ ನಗು ಕೇಳಿಸಿತು.