ಒಂದು ರನ್ನಿನ ಸೋಲು

ನಮ್ಮ ಪಿ.ಟಿ. ಮೇಡಂ ಅವರ ಬಲಗೈ ಹೆಗಲಿನಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಬೆಳಗಿನ ಡ್ರಿಲ್ ಹೊತ್ತಿಗೆ ನಾವೆಲ್ಲ ಎರಡೂ ಕೈ ಎತ್ತಿದರೆ ಅವರ ಎಡಗೈ ಮಾತ್ರ ಏಳುತ್ತಿತ್ತು. ಜಡೆ ಹೆಣೆದುಕೊಳ್ಳಲು ಆಗದೆ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದರು. ಮಸ್ಕಿಯಲ್ಲಿ ಅದೇ ದೊಡ್ಡ ಸುದ್ದಿ. "ಗಂಡಸರಂಗ ಕ್ರಾಪ್ ಬಿಟ್ಟಾಳ ನೋಡವ್ವ" ಎಂದು ಹೆಂಗಸರು ಆಡಿಕೊಂಡರೆ ಮೇಡಂ ನಕ್ಕುಬಿಡುತ್ತಿದ್ದರು.

ನಮ್ಮ ಶಾಲೆಗೆ ಬೇಸ್‌ಬಾಲ್ ತಂದವರು ಅವರೇ. ಗೋಣಿಚೀಲಕ್ಕೆ ನೆಲ್ಲಿನ ಹೊಟ್ಟು ತುಂಬಿಸಿ ಮೂಲೆಮೂಲೆಗೆ ಬೇಸ್ ಎಂದು ಇಡಿಸಿದರು. ಬ್ಯಾಟಿನವಳು ಚೆಂಡು ಬಾರಿಸಿ, ಬೇಸುಗಳನ್ನೆಲ್ಲ ಸುತ್ತಿ ಬಂದರೆ ಒಂದು ರನ್. ನನ್ನ ಕೈಗೆ ಚೆಂಡು ಕೊಟ್ಟು, "ಲೇ ಖೋಡಿ, ನಿನ್ನ ಸಿಟ್ಟೆಲ್ಲಾ ಇದರಾಗ ಹಾಕಿ ಒಗಿ" ಎಂದರು. ನನ್ನ ಹತ್ತಿರ ಸಿಟ್ಟಿಗೇನು ಬರ! ಒಗೆದೆ.

ಸಿಂಧನೂರಿನ ಮೈದಾನದಲ್ಲಿ ಲಿಂಗಸುಗೂರಿನ ಹುಡುಗಿಯರ ಮೇಲೆ ಆಟ. ಗೆದ್ದವರು ರಾಯಚೂರಿಗೆ. "ಸೋತ್ರ ಆಟ ಬಂದ್, ಹೊಲಿಗಿ ಕಲಿ" ಎಂದು ಅಪ್ಪ ಖಡಾಖಂಡಿತ ಹೇಳಿ ಕಳಿಸಿದ್ದರು. ಆ ಕಡೆ ಒಬ್ಬ ಉದ್ದನೆಯ ಹುಡುಗಿ ಒಗೆಯುತ್ತಿದ್ದಳು. ಅಬ್ಬಾ, ಚೆಂಡು ಕಣ್ಣಿಗೇ ಬೀಳುತ್ತಿರಲಿಲ್ಲ. ಈ ಕಡೆ ನಾನು. ಇಬ್ಬರೂ ಯಾರನ್ನೂ ಓಡಲು ಬಿಡಲಿಲ್ಲ. ಬೇಲಿಯ ಹತ್ತಿರ ನಿಂತಿದ್ದ ಮುದುಕರೊಬ್ಬರು, "ಮುಂಜಾನಿಂದ ಒಂದೂ ರನ್ನಿಲ್ಲ, ಇದೆಂಥಾ ಆಟರೀ?" ಎಂದು ಬೇಸತ್ತು ಚಹಾಕ್ಕೆ ಹೋದರು. ನಮ್ಮವಳೊಬ್ಬಳು ಒಮ್ಮೆ ಹೇಗೋ ಬಾರಿಸಿದಳು. ಓಡಿ ಮೊದಲ ಬೇಸ್ ಮುಟ್ಟಿದವಳೇ, ಅಣ್ಣಂದಿರ ಕ್ರಿಕೆಟ್ ನೋಡಿದ ರೂಢಿಯಲ್ಲಿ ತಿರುಗಿ ಹೊರಟಲ್ಲಿಗೇ ಓಡಿಬಂದು ಔಟಾದಳು. ಅವಳು ಗೊಳೋ ಎಂದು ಅತ್ತರೆ ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊನೆಯ ಸುತ್ತಿಗೆ ನನ್ನ ಭುಜದಲ್ಲಿ ಸುಟ್ಟಂತೆ ನೋವು. ತುಟಿ ಕಚ್ಚಿಕೊಂಡು ಒಗೆದೆ. ಅದು ಯಾರಿಗೂ ಕಾಣಲಿಲ್ಲ, ಮೇಡಂಗೆ ಕಂಡಿತು. ನೇರ ನಡೆದುಬಂದು ಚೆಂಡು ಕಸಿದುಕೊಂಡರು.

"ಏನೂ ಆಗಿಲ್ರೀ ಮೇಡಂ! ನಮ್ಮಪ್ಪ ಆಟ ಬಿಡಸ್ತಾನ್ರೀ!"

"ಬಿಡಸ್ಲಿ. ಹೊರಗ ನಡಿ."

ನನ್ನ ಬದಲಿಗೆ ಬಂದವಳ ಚೆಂಡನ್ನು ಲಿಂಗಸುಗೂರಿನವರು ಬಾರಿಸಿದರು. ಒಂದೇ ರನ್. ಸೋತೆವು.

ಬಸ್ಸಿನಲ್ಲಿ ಮುಖ ತಿರುವಿಕೊಂಡು ಕುಳಿತಿದ್ದೆ. ಮೇಡಂ ಪಕ್ಕಕ್ಕೆ ಬಂದು ಕೂತು, ನನ್ನ ಭುಜ ನೀವುತ್ತ ಹೇಳಿದರು: "ನಾನೂ ಹಿಂಗ ನೋವು ನುಂಗಿ ಒಗದಿದ್ನೆವ್ವ. ಅವತ್ತು ಗೆದ್ವಿ. ಎಲ್ಲಾರೂ ನನ್ನ ಹೊತಗೊಂಡು ಕುಣಿದ್ರು. ಆ ಕೈ ಮತ್ತ ಮ್ಯಾಲ ಏಳಲಿಲ್ಲ. ಸಾಕು ಬಿಡು ಅನ್ನೋರು ಒಬ್ರೂ ಇದ್ದಿಲ್ಲ ನನಗ."

ಅಪ್ಪ ಹೇಳಿದಂತೆಯೇ ಮಾಡಿದರು. ಆಟ ನಿಂತಿತು, ಹೊಲಿಗೆ ಕಲಿತೆ, ಮದುವೆಯಾಗಿ ಬಳಗಾನೂರಿಗೆ ಬಂದೆ. ಮೇಡಂ ಮಾತ್ರ ಫೋನ್ ಮಾಡುವುದನ್ನು ಬಿಡಲಿಲ್ಲ. "ಗಂಡನ ಸುದ್ದಿ ಆಮ್ಯಾಲ ಹೇಳು, ಮೊದಲ ಭುಜ ಹ್ಯಾಂಗೈತಿ?" ಎನ್ನುವರು. ಎಲ್ಲಿ ನೋಯುತ್ತದೆ ಎಂದು ನನ್ನನ್ನು ಕೇಳಿದ ಜೀವ ಅದೊಂದೇ. ಈಗಲೂ ಫೋನ್ ಬಡಿದುಕೊಂಡರೆ ಅವರದೇ ಇರಬಹುದೆಂದು ಎದ್ದು ಓಡುತ್ತೇನೆ.

ಹೋದ ವರ್ಷ ಎದೆನೋವೆಂದು ಮಲಗಿದವರು ಮತ್ತೆ ಏಳಲಿಲ್ಲ. ಮುದಗಲ್ಲಿನಲ್ಲಿ, ಅವರ ತವರಿನ ಹೊಲದಲ್ಲಿ, ಗುಂಡಿ ತೋಡಿದ್ದರು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ ಸರಿಯುತ್ತಿದ್ದರು. ನನ್ನ ಸರದಿ ಬಂದಾಗ ಬಲಗೈ ಸಲೀಸಾಗಿ ಎದ್ದಿತು, ಒಂದಿಷ್ಟೂ ನೋಯಲಿಲ್ಲ. ಅವರು ಉಳಿಸಿಕೊಟ್ಟ ಕೈಯಿಂದಲೇ ಅವರ ಮೇಲೆ ಮಣ್ಣು ಹಾಕಿದೆ.